ಹಳೇ ಅಪರಾಧಿ, ಹೊಸ ಆರೋಪಿ: ಮೂತ್ರಕೋಶದ ಕ್ಯಾನ್ಸರ್‌ಗೆ ವೈರಸ್ ಕಾರಣವೇ?

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲಿ ನಿಂತುಕೊಂಡೇ ಓದ್ತೀವಿ ಅನ್ನೋರಿಗೆ ಎಂದಿನಂತೆ ಇಲ್ಲಿ ಹಾಕ್ತಿದ್ದೀನಿ.

ಕಲ್ಯಾಣದಿಂದ ಒಬ್ಬ ವೀಕ್ಷಕರು ಬರೆದಿದ್ದರು. ಅವರ ಮಾತಲ್ಲೇ ಹೇಳ್ತೀನಿ: "ಸರ, ನಮ್ಮಪ್ಪಾರು ಡೊಂಬಿವಲಿ ಎಂಐಡಿಸಿಯೊಳಗ 28 ವರ್ಷ ಬಣ್ಣದ ಕಾರ್ಖಾನ್ಯಾಗ ದುಡದಾರ. ಈಗ ಮೂತ್ರಕೋಶದಾಗ ಗಡ್ಡಿ ಆಗೇತಿ ಅಂತ ಡಾಕ್ಟ್ರು ಹೇಳ್ಯಾರ. ಇಲ್ಲಿ ನೋಡಿದ್ರ ಅದಕ್ಕ ವೈರಸ್ ಕಾರಣ ಅಂತ ಸುದ್ದಿ ಬಂದೈತಿ. ಹಂಗಾದ್ರ ಕಾರ್ಖಾನಿದೇನೂ ತಪ್ಪಿಲ್ಲೇನು? ಮನ್ಯಾಗ ಸಣ್ಣ ಹುಡುಗ್ರದಾವ, ಅವಕ್ಕ ಹತ್ತತೈತೇನು?"

ಎರಡೂ ಪ್ರಶ್ನೆ ಬಹಳ ಗಟ್ಟಿಯಾದವು. ನಾನು ವೈದ್ಯನಲ್ಲ. ಏರೋಲಿಯಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು, ಇತಿಹಾಸ ಓದೋ ಚಟ ಇರುವವನು. ಆದರೆ ಈ ಪ್ರಶ್ನೆಗೆ ಉತ್ತರ ಇರೋದು ಇತಿಹಾಸದಲ್ಲೇ. ಒಂದು ಕಾಯಿಲೆಗೆ "ಇದೇ ಕಾರಣ" ಅಂತ ಹೇಳೋಕೆ ಜಗತ್ತು ಎಷ್ಟು ವರ್ಷ ತಗೊಂಡಿತು, ಎಲ್ಲಿ ಆತುರ ಪಟ್ಟಿತು, ಎಲ್ಲಿ ತಡ ಮಾಡಿತು ಅನ್ನೋದು ಗೊತ್ತಾದರೆ, ಇವತ್ತಿನ ಸುದ್ದಿಯನ್ನು ಎಷ್ಟು ನಂಬಬೇಕು ಅನ್ನೋದೂ ಗೊತ್ತಾಗುತ್ತೆ.

ಗುಲಾಬಿ ಬಣ್ಣದಿಂದ ಶುರು

2020ರ ಫೆಬ್ರುವರಿ ನೆನಪಿದೆಯಾ? ಡೊಂಬಿವಲಿ ಎಂಐಡಿಸಿಯ ಒಂದು ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ವಾಟ್ಸ್ಯಾಪ್ ತುಂಬ ಅದೇ ಫೋಟೊ. ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಖುದ್ದು ಬಂದು ನೋಡಿಹೋದರು. ನಾವೆಲ್ಲ ನಕ್ಕು ಫಾರ್ವರ್ಡ್ ಮಾಡಿದೆವು. ಆದರೆ ಮೂತ್ರಕೋಶದ ಕ್ಯಾನ್ಸರಿನ ಇತಿಹಾಸ ಓದಿದವರಿಗೆ ಗುಲಾಬಿ ಬಣ್ಣ ಅಂದರೆ ಬೇರೆ ಒಂದು ಊರು ನೆನಪಾಗುತ್ತೆ: ಜರ್ಮನಿಯ ಫ್ರಾಂಕ್‌ಫರ್ಟ್.

1856ರಲ್ಲಿ ವಿಲಿಯಂ ಪರ್ಕಿನ್ ಅನ್ನೋ ಹುಡುಗ ಲಂಡನ್ನಿನಲ್ಲಿ ಕಲ್ಲಿದ್ದಲ ಟಾರಿನಿಂದ ನೇರಳೆ ಬಣ್ಣ ತೆಗೆದ. ಅಲ್ಲಿಂದ ಕೃತಕ ಬಣ್ಣಗಳ ಉದ್ಯಮ ಹುಟ್ಟಿತು. ಫುಕ್ಸಿನ್ ಅಥವಾ ಮೆಜೆಂಟಾ ಅನ್ನೋ ಕಡು ಗುಲಾಬಿ ಬಣ್ಣ ಜರ್ಮನಿಯ ಕಾರ್ಖಾನೆಗಳಲ್ಲಿ ಟನ್‌ಗಟ್ಟಲೆ ತಯಾರಾಗತೊಡಗಿತು. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್, ಒಂದೇ ಕಡೆ ಫುಕ್ಸಿನ್ ತಯಾರಿಸುತ್ತಿದ್ದ 45 ಕೆಲಸಗಾರರಲ್ಲಿ ಮೂವರಿಗೆ ಮೂತ್ರಕೋಶದ ಗಡ್ಡೆ ಆಗಿದೆ ಅಂತ ವರದಿ ಮಾಡಿದ. ಅಷ್ಟು ಅಪರೂಪದ ಕಾಯಿಲೆ ಒಂದೇ ಸೂರಿನಡಿ ಮೂರು ಜನಕ್ಕೆ ಬಂದರೆ ಅನುಮಾನ ಬರಲೇಬೇಕಲ್ಲ.

ಆದರೆ ಅನುಮಾನ ಬೇರೆ, ಸಾಬೀತು ಬೇರೆ. ಇಲ್ಲಿಂದ ಮೆಟ್ಟಿಲು ಎಣಿಸಿ. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ತಪ್ಪು ಅನಿಲಿನ್‌ದಲ್ಲ, ಬಣ್ಣದ ಕೆಲಸದಲ್ಲಿ ಬಳಸುವ ಬೆಂಜಿಡಿನ್ ಮತ್ತು ಬೀಟಾ ನ್ಯಾಫ್ತೈಲಮೈನ್ ಅನ್ನೋ ರಾಸಾಯನಿಕಗಳದ್ದು ಅಂತ ಬೆರಳು ಮಾಡಿತು. 1938ರಲ್ಲಿ ಅಮೆರಿಕದಲ್ಲಿ ವಿಲ್ಹೆಲ್ಮ್ ಹ್ಯೂಪರ್, ಬೀಟಾ ನ್ಯಾಫ್ತೈಲಮೈನ್ ಕೊಟ್ಟ ನಾಯಿಗಳಲ್ಲಿ ಮೂತ್ರಕೋಶದ ಕ್ಯಾನ್ಸರ್ ತೋರಿಸಿದ. 1954ರಲ್ಲಿ ಬ್ರಿಟನ್ನಿನ ಕೇಸ್ ಮತ್ತು ಸಂಗಡಿಗರು ಬಣ್ಣದ ಉದ್ಯಮದ ಸಾವಿರಾರು ಕೆಲಸಗಾರರ ದಾಖಲೆ ಜಾಲಾಡಿ, ಸಾಮಾನ್ಯ ಜನಕ್ಕಿಂತ ಇವರಿಗೆ ಈ ಕಾಯಿಲೆಯಿಂದ ಸಾವಿನ ಅಪಾಯ ಸುಮಾರು 30 ಪಟ್ಟು ಅಂತ ಲೆಕ್ಕ ಕೊಟ್ಟರು. ಬ್ರಿಟನ್ ಕಾನೂನು ಮಾಡಿ ನಿಷೇಧಿಸಿದ್ದು 1967ರಲ್ಲಿ.

1895ರಿಂದ 1967. ಅಂದರೆ 72 ವರ್ಷ. ಅಷ್ಟರಲ್ಲಿ ಎಷ್ಟು ಕೆಲಸಗಾರರು ಹೋದರೋ!

ಇಷ್ಟು ತಡ ಯಾಕಾಯ್ತು ಅಂದರೆ, ಈ ಕಾಯಿಲೆ ಕೆಲಸಕ್ಕೆ ಸೇರಿದ ಮರುವರ್ಷ ಬರೋದಿಲ್ಲ. ಹದಿನೈದು ಇಪ್ಪತ್ತು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಕಾಯುತ್ತೆ. ಆಳು ನಿವೃತ್ತಿಯಾಗಿ, ಪಿಎಫ್ ದುಡ್ಡು ತಗೊಂಡು ಊರಲ್ಲಿ ಮನೆ ಕಟ್ಟಿಸಿದ ಮೇಲೆ ಬರುತ್ತೆ. ಆಗ ಯಾರು ಕಾರ್ಖಾನೆಯನ್ನು ನೆನಪು ಮಾಡಿಕೊಳ್ತಾರೆ?

ಈಗ ನಮ್ಮ ಕಡೆ ಬನ್ನಿ. ಎಂಐಡಿಸಿ ಹುಟ್ಟಿದ್ದು 1962ರಲ್ಲಿ. ಅದರ ಮೊದಲ ವಸಾಹತು ಥಾಣೆಯ ವಾಗ್ಳೆ ಎಸ್ಟೇಟ್. ಡೊಂಬಿವಲಿ ಬಂದಿದ್ದೂ ಅದೇ ದಶಕದಲ್ಲಿ. ಇವತ್ತು ನಾವು ಐಡಿ ಕಾರ್ಡ್ ನೇತು ಹಾಕ್ಕೊಂಡು ಓಡಾಡೋ ಥಾಣೆ–ಬೇಲಾಪುರ ರಸ್ತೆಯ ಅಕ್ಕಪಕ್ಕ ಆಗ ರಾಸಾಯನಿಕ ಕಾರ್ಖಾನೆಗಳೇ. ವಿಜಯಪುರ, ಕಲಬುರಗಿ, ಉಡುಪಿ ಕಡೆಯಿಂದ ಬಂದ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಜನ ಈ ಪಟ್ಟಿಯಲ್ಲೇ ಅನ್ನ ಕಂಡವರು. ಎಪ್ಪತ್ತು ಎಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಅರವತ್ತು ಎಪ್ಪತ್ತು ವಯಸ್ಸು. ಲೆಕ್ಕ ಹಾಕಿ ನೋಡಿ, ಕಾಯೋ ಅವಧಿ ಈಗ ಮುಗೀತಾ ಬಂದಿದೆ.

"ಅದೆಲ್ಲ ಜರ್ಮನಿ, ಇಂಗ್ಲೆಂಡ್ ಕಥೆ" ಅನ್ನಬೇಡಿ. ಅಹಮದಾಬಾದಿನಲ್ಲಿ ಬೆಂಜಿಡಿನ್ ಮತ್ತು ಅದರ ಬಣ್ಣಗಳ ಕೆಲಸಗಾರರನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅಲ್ಲಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಮೆರಿಕದವರ ಜೊತೆ ಸೇರಿ ಮಾಡಿದ್ದು. ಕೆಲಸಗಾರರ ಮೂತ್ರದಲ್ಲಿ ಬಂದ ಜೀವಕೋಶಗಳ ಡಿಎನ್ಎಗೇ ಆ ರಾಸಾಯನಿಕ ಅಂಟಿಕೊಂಡಿದ್ದನ್ನು ಅದು ತೋರಿಸಿತು. ಬೆಂಜಿಡಿನ್ ಬಣ್ಣಗಳನ್ನು ಭಾರತ ನಿಷೇಧಿಸಿದ್ದು 1990ರ ದಶಕದಲ್ಲಿ.

ಒಂದನ್ನ ಬೇಗ ನಂಬಿದರು, ಇನ್ನೊಂದನ್ನ ತಡವಾಗಿ

ಈಗ ಸೋಂಕಿನ ಕಡೆ ಹೋಗೋಣ. ಸೋಂಕಿನಿಂದ ಕ್ಯಾನ್ಸರ್ ಬರುತ್ತೆ ಅನ್ನೋ ವಿಚಾರಕ್ಕೆ ಎರಡು ನೊಬೆಲ್ ಕಥೆಗಳಿವೆ. ಎರಡನ್ನೂ ಒಟ್ಟಿಗೆ ಕೇಳಬೇಕು.

1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್, ಕೋಳಿಯ ಗಡ್ಡೆಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟದಷ್ಟು ಸಣ್ಣ ಶೋಧಕದಲ್ಲಿ ಸೋಸಿ, ಆ ರಸವನ್ನು ಇನ್ನೊಂದು ಕೋಳಿಗೆ ಚುಚ್ಚಿದ. ಅದಕ್ಕೂ ಗಡ್ಡೆ ಬಂತು. ಅಂದರೆ ವೈರಸ್. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೋಳಿ ಕಥೆ ಮನುಷ್ಯರಿಗೆ ಯಾಕೆ ಅಂದರು. ಅವನಿಗೆ ನೊಬೆಲ್ ಬಂದಿದ್ದು 1966ರಲ್ಲಿ, 87ನೇ ವಯಸ್ಸಿನಲ್ಲಿ.

ಇನ್ನೊಬ್ಬ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್. ಇಲಿಗಳ ಹೊಟ್ಟೆಯಲ್ಲಿ ಒಂದು ಹುಳು ಕ್ಯಾನ್ಸರ್ ತರುತ್ತೆ ಅಂತ ತೋರಿಸಿದ. ಜಗತ್ತು ಹೌದು ಹೌದು ಅಂತು. 1926ರ ವೈದ್ಯಕೀಯ ನೊಬೆಲ್ ಅವನಿಗೇ. ಆಮೇಲೆ ನೋಡಿದರೆ ಆ ಇಲಿಗಳ ಆಹಾರದಲ್ಲಿ ಎ ಜೀವಸತ್ವದ ಕೊರತೆ ಇತ್ತು, ಅವನು ಕ್ಯಾನ್ಸರ್ ಅಂದುಕೊಂಡಿದ್ದು ನಿಜವಾದ ಕ್ಯಾನ್ಸರೇ ಆಗಿರಲಿಲ್ಲ.

ತಮಾಷೆ ಏನು ಗೊತ್ತಾ? ಫಿಬಿಗರ್‌ನ ಹುಳು ಸುಳ್ಳಾಯ್ತು, ಆದರೆ ಮೂತ್ರಕೋಶದ ಹುಳು ನಿಜವಾಯ್ತು. ಈಜಿಪ್ಟಿನ ಹೊಲಗದ್ದೆಗಳ ನೀರಲ್ಲಿ ಬರೋ ಶಿಸ್ಟೊಸೋಮ ಅನ್ನೋ ಹುಳು ಚರ್ಮದ ಮೂಲಕ ಒಳಗೆ ಹೋಗಿ, ಮೂತ್ರಕೋಶದ ಗೋಡೆಯಲ್ಲಿ ಮೊಟ್ಟೆ ಇಡುತ್ತೆ. ಮೂತ್ರದಲ್ಲಿ ರಕ್ತ ಹೋಗುತ್ತೆ. 1911ರಲ್ಲೇ ಕೈರೋದ ಫರ್ಗುಸನ್ ಇದಕ್ಕೂ ಮೂತ್ರಕೋಶದ ಕ್ಯಾನ್ಸರ್‌ಗೂ ನಂಟು ಇದೆ ಅಂದ. ಇದು ಖಚಿತ ಕಾರಣ ಅಂತ ಐಎಆರ್‌ಸಿ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ, 1994ರಲ್ಲಿ ಮೊದಲ ಗುಂಪಿಗೆ ಸೇರಿಸಿತು.

ನಮ್ಮ ಕೊಂಕಣಕ್ಕೂ ಈ ಹುಳುವಿನ ಕಥೆಯಲ್ಲಿ ಒಂದು ಪುಟ ಇದೆ. 1952ರಲ್ಲಿ ಗಾಡ್ಗೀಳ್ ಮತ್ತು ಶಾ ಅನ್ನೋ ವೈದ್ಯರು, ರತ್ನಾಗಿರಿ ಜಿಲ್ಲೆಯ ಗಿಮ್ವಿ ಅನ್ನೋ ಹಳ್ಳಿಯಲ್ಲಿ ಈ ಜಾತಿಯ ಸೋಂಕನ್ನು ಪತ್ತೆ ಮಾಡಿದರು. ಭಾರತದಲ್ಲಿ ಇದು ಇಲ್ಲವೇ ಇಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಊರಿಗೆ ಹೋಗುವಾಗ ಕೊಂಕಣ ರೈಲು ರತ್ನಾಗಿರಿ ದಾಟುತ್ತಲ್ಲ, ಇನ್ನು ಮೇಲೆ ಗಿಮ್ವಿಯನ್ನೂ ನೆನೆಸಿಕೊಳ್ಳಿ.

ಹಾಗಾಗಿ ಸೋಂಕಿನಿಂದ ಮೂತ್ರಕೋಶದ ಕ್ಯಾನ್ಸರ್ ಬರಬಹುದಾ ಅಂದರೆ, ಒಂದು ಹುಳುವಿನ ವಿಷಯದಲ್ಲಿ ಉತ್ತರ ಹೌದು. ವೈರಸ್ ವಿಷಯದಲ್ಲಿ?

ಬಿ.ಕೆ. ಅನ್ನೋ ಎರಡು ಅಕ್ಷರ

1971. ಲಂಡನ್ನಿನಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡ ಸುಡಾನಿನ ಒಬ್ಬ ರೋಗಿ. ಕಿಡ್ನಿಯಿಂದ ಬರೋ ಮೂತ್ರನಾಳ ಕಟ್ಟಿಕೊಂಡಿತ್ತು. ಸಿಲ್ವಿಯಾ ಗಾರ್ಡ್ನರ್ ಮತ್ತು ಸಂಗಡಿಗರು ಅವನ ಮೂತ್ರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೊಸ ವೈರಸ್ ಕಂಡಿತು. ರೋಗಿಯ ಹೆಸರಿನ ಮೊದಲಕ್ಷರಗಳನ್ನೇ ಇಟ್ಟರು: ಬಿಕೆ ವೈರಸ್. ಕಾಕತಾಳೀಯ ಅಂದರೆ, ನಮ್ಮ ದೇಶದಲ್ಲಿ ಯಶಸ್ವಿಯಾದ ಮೊದಲ ಕಿಡ್ನಿ ಕಸಿ ವೆಲ್ಲೂರಿನ ಸಿಎಂಸಿಯಲ್ಲಿ ಆಗಿದ್ದೂ ಅದೇ 1971ರಲ್ಲಿ.

ಈ ವೈರಸ್ ಅಪರೂಪದ್ದಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ, ಶೀತ ನೆಗಡಿ ಥರ, ಗೊತ್ತೇ ಆಗದ ಹಾಗೆ ಬಂದು ಹೋಗಿರುತ್ತೆ. ಪೂರ್ತಿ ಹೋಗಲ್ಲ, ಕಿಡ್ನಿಯಲ್ಲಿ, ಮೂತ್ರಮಾರ್ಗದಲ್ಲಿ ತಣ್ಣಗೆ ಮಲಗಿರುತ್ತೆ. ಕಸಿ ಆದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ಕೊಟ್ಟಾಗ ಏಳುತ್ತೆ, ಕಸಿ ಮಾಡಿದ ಕಿಡ್ನಿಯನ್ನೇ ಹಾಳು ಮಾಡಬಹುದು.

ಇಲ್ಲೇ ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟುಬಿಡ್ತೀನಿ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹತ್ತಲ್ಲ. ಈ ವೈರಸ್ಸೂ ಅಜ್ಜನ ಗಡ್ಡೆಯಿಂದ ಹೊರಟು ಬರೋ ಹೊಸ ಗಂಡಾಂತರ ಅಲ್ಲ. ಮಕ್ಕಳನ್ನು ಅಜ್ಜನಿಂದ ದೂರ ಇಡಬೇಡಿ. ಕಾಯಿಲೆ ಬಿದ್ದ ಹಿರಿಯರಿಗೆ ಮೊಮ್ಮಕ್ಕಳು ಹತ್ತಿರ ಬರದಿದ್ದರೆ ಆಗುವ ನೋವಿಗೆ ಯಾವ ಆಸ್ಪತ್ರೆಯಲ್ಲೂ ಔಷಧ ಇಲ್ಲ.

ಹಾಗಾದರೆ ಕ್ಯಾನ್ಸರ್ ಮಾತು ಯಾಕೆ ಬಂತು? ಕಿಡ್ನಿ ಕಸಿ ಆದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸಾಮಾನ್ಯ ಜನಕ್ಕಿಂತ ಹೆಚ್ಚು ಕಾಣುತ್ತೆ. ಅಂಥ ಕೆಲವು ಗಡ್ಡೆಗಳಲ್ಲಿ ಬಿಕೆ ವೈರಸ್ಸಿನ ಡಿಎನ್ಎ ಮನುಷ್ಯನ ಡಿಎನ್ಎ ಒಳಗೇ ಸೇರಿಕೊಂಡಿದ್ದು ಸಿಕ್ಕಿತು. 2012ರಲ್ಲಿ ಐಎಆರ್‌ಸಿಯ ತಜ್ಞರು ಕೂತು ಸಾಕ್ಷ್ಯ ನೋಡಿ, ಬಿಕೆಯನ್ನು 2ಬಿ ಗುಂಪಿಗೆ ಹಾಕಿದರು. ಅಂದರೆ "ಇದ್ದರೂ ಇರಬಹುದು". ಬೆಂಜಿಡಿನ್, ಬೀಟಾ ನ್ಯಾಫ್ತೈಲಮೈನ್, ಮೆಜೆಂಟಾ ತಯಾರಿಕೆ, ತಂಬಾಕಿನ ಹೊಗೆ, ಈ ನಾಲ್ಕೂ ಅದೇ ಸಂಸ್ಥೆಯ ಮೊದಲ ಗುಂಪಿನಲ್ಲಿವೆ. ಕೋರ್ಟಿನ ಭಾಷೆಯಲ್ಲಿ ಹೇಳೋದಾದರೆ, ಬಣ್ಣ ಮತ್ತು ತಂಬಾಕು ಶಿಕ್ಷೆ ಆದ ಅಪರಾಧಿಗಳು. ವೈರಸ್ ಇನ್ನೂ ಆರೋಪಿ.

ಗುದ್ದಿ ಓಡಿಹೋದ ಲಾರಿ

ಈಚಿನ ಸುದ್ದಿಗೆ ಕಾರಣ ಇನ್ನೊಂದು ಸುಳಿವು. ನಮ್ಮ ಜೀವಕೋಶಗಳಲ್ಲಿ ಅಪೊಬೆಕ್ ಅನ್ನೋ ಕಿಣ್ವಗಳಿವೆ. ವೈರಸ್ ಬಂದಾಗ ಅದರ ಡಿಎನ್ಎ ಅಕ್ಷರಗಳನ್ನು ತಿದ್ದಿ ಕೆಡಿಸೋದು ಅವುಗಳ ಕೆಲಸ. ನಮ್ಮ ಭಾಷೆಯಲ್ಲಿ ಆಂಟಿವೈರಸ್ ಸಾಫ್ಟ್‌ವೇರ್. ಕೆಲವೊಮ್ಮೆ ಆಂಟಿವೈರಸ್ಸೇ ಸಿಸ್ಟಮ್ ಫೈಲು ಕೆಡಿಸಿಬಿಡುತ್ತಲ್ಲ, ಹಾಗೆ ಇವೂ ನಮ್ಮ ಸ್ವಂತ ಡಿಎನ್ಎಯನ್ನು ಗೀಚಿಬಿಡ್ತವೆ. ಆ ಗೀಚಿಗೆ ತನ್ನದೇ ಆದ ಗುರುತು ಇರುತ್ತೆ. 2017ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ 412 ಮೂತ್ರಕೋಶದ ಗಡ್ಡೆಗಳನ್ನು ಓದಿದಾಗ, ಒಂದಕ್ಷರದ ಬದಲಾವಣೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ಮೇಲೆ ಇದೇ ಗುರುತು! ಆದರೆ ಗಡ್ಡೆಯೊಳಗೆ ವೈರಸ್ ಸಿಕ್ಕಿದ್ದು ಬೆರಳೆಣಿಕೆಯಷ್ಟರಲ್ಲಿ.

ಆಂಟಿವೈರಸ್ ಓಡಿದ ಗುರುತಿದೆ, ವೈರಸ್ ಮಾತ್ರ ಇಲ್ಲ. ಎಲ್ಲಿ ಹೋಯ್ತು? ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸೈಮನ್ ಬೇಕರ್ ಮತ್ತು ಸಂಗಡಿಗರು, ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಮೂತ್ರಮಾರ್ಗದ ಒಳಪದರಕ್ಕೆ ಬಿಕೆ ವೈರಸ್ ಹತ್ತಿಸಿದರು. ಅಪೊಬೆಕ್ ಎದ್ದಿತು, ಡಿಎನ್ಎಗೆ ಆ ಮಾದರಿಯ ಪೆಟ್ಟೂ ಬಿತ್ತು. ಇದು 2022ರಲ್ಲಿ ಪ್ರಕಟವಾಯ್ತು. ಅವರ ಊಹೆ ಇಷ್ಟು: ವೈರಸ್ ಹೆದ್ದಾರಿಯಲ್ಲಿ ಗುದ್ದಿ ಓಡಿಹೋದ ಲಾರಿಯ ಹಾಗೆ. ವರ್ಷಗಳ ನಂತರ ಗಡ್ಡೆ ಬೆಳೆದಾಗ ಸ್ಥಳದಲ್ಲಿ ಲಾರಿ ಇರಲ್ಲ, ಟೈರಿನ ಗುರುತು ಮಾತ್ರ ಇರುತ್ತೆ.

ಕೇಳೋಕೆ ಚೆನ್ನಾಗಿದೆ. ನಿಜವೂ ಆಗಿರಬಹುದು. ಆದರೆ ಫಿಬಿಗರ್‌ನ ನೆನಪಿರಲಿ. "ವೈರಸ್ ಸಿಕ್ಕಿದರೂ ಅದೇ ಕಾರಣ, ಸಿಗದಿದ್ದರೂ ಅದೇ ಕಾರಣ" ಅಂತ ಹೇಳೋ ವಾದವನ್ನು ಬೇರೆ ದಾರಿಯಿಂದ ಪರೀಕ್ಷೆ ಮಾಡಲೇಬೇಕು. ಬಣ್ಣದ ಕಥೆಯಲ್ಲಿ ನಾಯಿಯ ಪ್ರಯೋಗದ ಮೇಲೆ 1954ರ ಲೆಕ್ಕ ಬಂತಲ್ಲ, ಆ ಮೆಟ್ಟಿಲು ವೈರಸ್ಸಿಗೆ ಇನ್ನೂ ಬಾಕಿ ಇದೆ.

ಖಾರ್ಘರ್‌ನಲ್ಲಿ ಹುಡುಕಾಟ

ಈ ಹುಡುಕಾಟದಲ್ಲಿ ನವಿ ಮುಂಬೈಗೂ ಪಾಲಿದೆ. 1952ರಲ್ಲಿ ಪರೇಲಿನಲ್ಲಿ ಡಾ. ವಿ.ಆರ್. ಖಾನೋಲ್ಕರ್ ನೇತೃತ್ವದಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಶುರುವಾಯ್ತು. ಅಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ಕಟ್ಟಿದವರು ಪುಣೆಯ ಡಾ. ಕಮಲ್ ರಣದಿವೆ. ಹಾರ್ಮೋನಿಗೂ ಗಡ್ಡೆ ತರುವ ವೈರಸ್ಸಿಗೂ ಇರುವ ನಂಟನ್ನು ಇಲಿಗಳಲ್ಲಿ ಮೊದಮೊದಲು ಗುರುತಿಸಿದವರಲ್ಲಿ ಅವರೂ ಒಬ್ಬರು. ಅವರು ಅಮೆರಿಕದಲ್ಲಿ ತರಬೇತಿ ಪಡೆದಿದ್ದು ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ. ಜಗತ್ಪ್ರಸಿದ್ಧ ಹೀಲಾ ಜೀವಕೋಶಗಳು 1951ರಲ್ಲಿ ಬೆಳೆದದ್ದು ಅಲ್ಲೇ. ಆ ಜೀವಕೋಶಗಳ ಒಳಗೇ ಎಚ್‌ಪಿವಿ ವೈರಸ್ ಕೂತಿತ್ತು ಅನ್ನೋದು ಗೊತ್ತಾಗಿದ್ದು 1980ರ ದಶಕದಲ್ಲಿ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಕಾರಣ ಅಂತ ತೋರಿಸಿದ ಹರಾಲ್ಡ್ ತ್ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಕಣ್ಣ ಮುಂದಿದ್ದ ವೈರಸ್ ಕಾಣೋಕೆ ಮೂವತ್ತು ವರ್ಷ!

ಆ ಸಂಸ್ಥೆಯೇ 2002ರಲ್ಲಿ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಆಗಿ ಖಾರ್ಘರ್‌ಗೆ ಬಂತು. ಅಲ್ಲಿ ಅಮಿತ್ ದತ್ ಅವರ ತಂಡ 2015ರಲ್ಲಿ "ಎಚ್‌ಪಿವಿ ಡಿಟೆಕ್ಟರ್" ಅನ್ನೋ ಸಾಫ್ಟ್‌ವೇರ್ ಪ್ರಕಟಿಸಿತು. ಗಡ್ಡೆಯ ಡಿಎನ್ಎ ಓದಿದ ರಾಶಿ ಡೇಟಾದಲ್ಲಿ ಎಚ್‌ಪಿವಿಯ ಸಾಲುಗಳಿವೆಯಾ, ಇದ್ದರೆ ಮನುಷ್ಯನ ಜೀನೋಮಿನ ಯಾವ ಜಾಗದಲ್ಲಿ ಸೇರಿಕೊಂಡಿವೆ ಅಂತ ಹುಡುಕೋ ಪ್ರೋಗ್ರಾಂ. ಲಾಗ್ ಫೈಲಿನಲ್ಲಿ ಗ್ರೆಪ್ ಹೊಡೆದು ರಾತ್ರಿ ಕಳೆದವರಿಗೆ ಇದರ ಕಷ್ಟ ಅರ್ಥ ಆಗುತ್ತೆ. ಆದರೆ ಇದರ ಮಿತಿಯೂ ಗೊತ್ತಿರಲಿ: ಉಳಿದುಕೊಂಡ ವೈರಸ್ಸನ್ನು ಇಂಥ ಸಾಧನ ಹಿಡಿಯುತ್ತೆ, ಗುದ್ದಿ ಓಡಿಹೋದದ್ದನ್ನು ಹಿಡಿಯಲಾರದು.

ಕಾರ್ಖಾನೆ ಪಾರಾಯ್ತಾ?

ಇಲ್ಲ. ಇದನ್ನ ಗಟ್ಟಿಯಾಗಿ ಹೇಳಬೇಕು. ಹೊಸ ಆರೋಪಿ ಸಿಕ್ಕಿದ ಅಂತ ಹಳೇ ಅಪರಾಧಿಯನ್ನ ಬಿಟ್ಟು ಕಳಿಸೋದಿಲ್ಲ. ಎರಡು ಕಾರಣ ಒಂದರ ಮೇಲೊಂದು ಕೂಡಬಹುದು. ರಾಸಾಯನಿಕ ಹತ್ತಿಕೊಂಡ ಜೀವಕೋಶಕ್ಕೆ ವೈರಸ್ಸಿನ ಪೆಟ್ಟೂ ಬೀಳಬಹುದು. ನಾಳೆ ವೈರಸ್ ಅಪರಾಧ ಪೂರ್ತಿ ಸಾಬೀತಾದರೂ ಬೆಂಜಿಡಿನ್ ಅಪರಾಧ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲ್ಲ. "ಅದು ವೈರಸ್ ಅಂತೆ ಕಣ್ರೀ" ಅಂತ ಯಾರಾದರೂ ಕೈ ತೊಳೆದುಕೊಂಡರೆ ಒಪ್ಪಬೇಡಿ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾಗಿದ್ದ ಕಾಯಿಲೆಗಳ ಪಟ್ಟಿಗೆ ಔದ್ಯೋಗಿಕ ಕ್ಯಾನ್ಸರನ್ನೂ ಸೇರಿಸಿದ್ದರು.

ಆದ್ದರಿಂದ ಮನೆಯಲ್ಲಿ ಬಣ್ಣ, ರಬ್ಬರ್, ರಾಸಾಯನಿಕದ ಕೆಲಸ ಮಾಡಿ ನಿವೃತ್ತರಾದ ಹಿರಿಯರಿದ್ದರೆ ಒಂದು ಭಾನುವಾರ ಅವರ ಜೊತೆ ಕೂತು ಬರೆದಿಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ವಿಭಾಗ, ಕೈಯಲ್ಲಿ ಮುಟ್ಟುತ್ತಿದ್ದ ಪುಡಿ ಯಾವುದು, ಬೀಡಿ ಸಿಗರೇಟು ಎಷ್ಟು ವರ್ಷ. ಡಾಕ್ಟರ ಹತ್ತಿರ ಹೋದಾಗ ಆ ಹಾಳೆ ತೋರಿಸಿ. ಐದು ನಿಮಿಷದ ಒಪಿಡಿಯಲ್ಲಿ ಅವರಾಗಿಯೇ ಕೇಳೋ ಸಾಧ್ಯತೆ ಕಡಿಮೆ. ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ, ನೋವು ಇರಲಿ ಬಿಡಲಿ, ತೋರಿಸಲೇಬೇಕು. ನೋವಿಲ್ಲದ ರಕ್ತವೇ ಈ ಕಾಯಿಲೆಯ ಮಾಮೂಲಿ ಮೊದಲ ಗುರುತು. "ಉಷ್ಣ ಆಗಿದೆ, ಎಳನೀರು ಕುಡಿ" ಅಂತ ಮುಂದೂಡೋದು ಬೇಡ. ಕಿಡ್ನಿ ಕಸಿ ಆದವರು ವೈರಸ್ ಸುದ್ದಿ ಓದಿ ಹೆದರಿ ಮಾತ್ರೆ ನಿಲ್ಲಿಸಬಾರದು. ಏನಿದ್ದರೂ ನಿಮ್ಮ ಡಾಕ್ಟರನ್ನೇ ಕೇಳಿ.

ಕೊನೆಗೆ ಒಂದು ವಿಚಿತ್ರ. ಒಳಪದರದಲ್ಲೇ ಇರುವ ಮೂತ್ರಕೋಶದ ಗಡ್ಡೆಯನ್ನು ತೆಗೆದ ಮೇಲೆ, ಮತ್ತೆ ಬರದ ಹಾಗೆ ಹಲವರಿಗೆ ಕೊಡೋ ಔಷಧ ಯಾವುದು ಗೊತ್ತಾ? ಬಿಸಿಜಿ. ಹುಟ್ಟಿದ ಮಗುವಿನ ತೋಳಿಗೆ ಚುಚ್ಚೋ ಕ್ಷಯದ ಲಸಿಕೆಯ ಅದೇ ಜೀವಂತ ಬ್ಯಾಕ್ಟೀರಿಯಾ. ಅದನ್ನು ನೇರ ಮೂತ್ರಕೋಶದೊಳಗೆ ಬಿಡ್ತಾರೆ. ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ವರದಿ ಮಾಡಿದ ವಿಧಾನ ಇವತ್ತಿಗೂ ನಡೀತಿದೆ. ಬೇಕೆಂದೇ ತಂದ ಒಂದು ಸಣ್ಣ ಸೋಂಕು, ಮಲಗಿದ್ದ ಕಾವಲುಗಾರರನ್ನ ಎಬ್ಬಿಸಿ ಕ್ಯಾನ್ಸರ್ ಕಡೆ ಓಡಿಸುತ್ತೆ. ಅದನ್ನು ಹಾಕಿದ ದಿನ ಶೌಚಾಲಯದ ವಿಷಯದಲ್ಲಿ ಆಸ್ಪತ್ರೆಯವರು ಹೇಳೋ ಎಚ್ಚರಿಕೆ ಮಾತ್ರ ತಪ್ಪದೆ ಪಾಲಿಸಿ.

ಇವತ್ತಿಗೆ ಇಷ್ಟು. ಈ ಬರಹವನ್ನು ಬಣ್ಣದ ಕೆಲಸ ಮಾಡಿದ ಯಾರ ಮನೆಗೆ ತಲುಪಿಸಬೇಕು ಅಂತ ನಿಮಗೇ ಗೊತ್ತು, ತಲುಪಿಸಿ. ಅವರಿಗೆ ಕನ್ನಡ ಓದೋಕೆ ಬರದಿದ್ದರೆ ಓದಿ ಹೇಳಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.